ಬಂದೂಕುಗಳು ಮನೆಬಿಟ್ಟ ಮಧ್ಯಾಹ್ನ

ಮಿಶಿಗನ್ ರಾಜ್ಯದ ಸ್ಟರ್ಲಿಂಗ್ ಹೈಟ್ಸ್‌ನ ಆ ಮನೆ ಈಗಲೂ ಆಗಾಗ ನನ್ನ ಕನಸಿನಲ್ಲಿ ಬರುತ್ತದೆ. ಕನಸಿನಲ್ಲಿ ಅಲ್ಲಿ ಯಾವಾಗಲೂ ಮಧ್ಯಾಹ್ನವೇ. ಹಿತ್ತಿಲ ಕಡೆಯ ಗಾಜಿನ ಬಾಗಿಲಿನಿಂದ ಬಿಸಿಲು ಒಳಗೆ ಬಂದು ಊಟದ ಮೇಜಿನ ಅರ್ಧದವರೆಗೆ ಚಾಚಿಕೊಂಡಿರುತ್ತದೆ. ಹೀಟರಿನ ಗಾಳಿಗೆ ಪರದೆ ಉಸಿರಾಡುವಂತೆ ಏರುತ್ತದೆ, ಇಳಿಯುತ್ತದೆ. ನಾನು ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುತ್ತಲೇ ಇರುತ್ತೇನೆ, ಕೋಣೆಗಳು ಮುಗಿಯುವುದೇ ಇಲ್ಲ. ಹೆದರಿಕೆಯಾಗುವುದಿಲ್ಲ. ನೀರಿನೊಳಗೆ ನಡೆದಂತೆ ಎಲ್ಲವೂ ನಿಧಾನ, ಎಲ್ಲವೂ ಮೆತ್ತಗೆ.

ಮದುವೆಯಾಗಿ ಆ ಮನೆಗೆ ಹೋದಾಗ ನನ್ನದು ಮೈಸೂರು ಕನ್ನಡ, ನನ್ನ ಗಂಡನದು ಧಾರವಾಡದ್ದು. ಮೊದಲ ತಿಂಗಳುಗಳಲ್ಲಿ ನಮಗೆ ಬೇರೆ ಮನರಂಜನೆಯೇ ಬೇಕಿರಲಿಲ್ಲ. ನಾನು 'ಆಮೇಲೆ' ಅಂದರೆ ಅವನು 'ಆಮ್ಯಾಲ' ಅನ್ನುವನು, ಇಬ್ಬರೂ ನಗುವೆವು. ನಾನು ರೂಢಿಯಂತೆ 'ನೀವು' ಎಂದು ಕರೆಯುತ್ತಿದ್ದರೆ, "ನನಗ ನೀವು ಅಂದ್ರ ನಮ್ಮ ಹೆಡ್‌ಮಾಸ್ತರ್ ನೆನಪಾಗ್ತಾರ. ನೀ ಅನ್ನು," ಎಂದು ಹಟ ಹಿಡಿದು 'ನೀನು' ಅನ್ನಲು ಕಲಿಸಿದವನು ಅವನೇ. ಕಾರುಗಳ ಬಿಡಿಭಾಗ ಮಾಡುವ ಪ್ಲಾಂಟಿನಲ್ಲಿ ಎಂಜಿನಿಯರ್. ನಾನು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತಪರೀಕ್ಷೆಯ ಕೆಲಸಕ್ಕೆ ಸೇರಿದ್ದೆ. ಮಕ್ಕಳಿರಲಿಲ್ಲ. ಶನಿವಾರ ಬೆಳಿಗ್ಗೆ ತಿಂಡಿಗೆ ಅವನೇ ಒಗ್ಗರಣೆ ಹಾಕುತ್ತಿದ್ದ.

ನವೆಂಬರ್ ಬಂತೆಂದರೆ ಅವನ ಪ್ಲಾಂಟಿನ ಅರ್ಧಕ್ಕರ್ಧ ಜನ ಜಿಂಕೆ ಬೇಟೆಗೆಂದು ರಜೆ ಹಾಕುತ್ತಿದ್ದರು. ಒಂದು ವರ್ಷ ಅವರ ಜೊತೆಗೆ ಇವನೂ ಹೊರಟ. ಮೊಟ್ಟೆಯನ್ನೂ ಮುಟ್ಟದ ಮನೆಯಲ್ಲಿ ಬೆಳೆದವನು ಬಂದೂಕು ಹಿಡಿದು ಉತ್ತರದ ಕಾಡಿಗೆ ಹೋಗುವುದೆಂದರೆ ನನಗೆ ನಗು. ಭಾನುವಾರ ಸಂಜೆ ವಾಪಸು ಬಂದವನ ಮುಖದಲ್ಲಿ ನಾನು ಅದುವರೆಗೂ ನೋಡದಿದ್ದ ಒಂದು ಶಾಂತಿ ಇತ್ತು. ಮರದ ಮೇಲೆ ಕಟ್ಟಿದ ಅಟ್ಟದಲ್ಲಿ ಬೆಳಗಿನಿಂದ ಕೂತಿದ್ದನಂತೆ. ಹಿಮ ಬೀಳುವ ಸದ್ದೂ ಕೇಳಿಸುತ್ತಿತ್ತಂತೆ.

"ಒಂದು ಜಿಂಕಿ ಬಂದು ನಿಂತಿತ್ತು ನೋಡು, ಇಷ್ಟ ದೂರದಾಗ. ಅದರ ಮೂಗಿನಿಂದ ಹಬೆ ಬರ್ತಿತ್ತು. ನಾ ಸುಮ್ನ ನೋಡ್ಕೋತ ಕುಂತೆ."

"ಹೊಡೀಲಿಲ್ವಾ?"

"ಹೊಡೀಲಿಕ್ಕೆ ಯಾರು ಹೋಗಿದ್ರು?" ಎಂದು ನಕ್ಕ.

ಮುಂದಿನ ವರ್ಷ ತನ್ನದೇ ಒಂದು ರೈಫಲ್ ಕೊಂಡ. ಅದು ಮಹಡಿಯ ಕೋಣೆಯ ಕಪಾಟಿನಲ್ಲಿ, ಚಳಿಗಾಲದ ಕೋಟುಗಳ ಹಿಂದೆ ನಿಂತಿರುತ್ತಿತ್ತು. ಅದು ಅಲ್ಲಿದೆ ಎನ್ನುವುದನ್ನೇ ನಾನು ಮರೆತುಬಿಡುತ್ತಿದ್ದೆ. ಅವನಿಗಾದರೂ ಅದು ಆ ಕಾಡಿನ ಬೆಳಗಿಗೆ ಹೋಗಲು ಬೇಕಾದ ಟಿಕೇಟಿನ ಹಾಗಿತ್ತು, ಅಷ್ಟೆ.

ಆಮೇಲೆ ಕೆಲಸಗಳು ಹೋಗುವ ಕಾಲ ಬಂತು. ನಮ್ಮ ಬಡಾವಣೆಯಲ್ಲಿ ಒಂದೊಂದೇ ಮನೆಯ ಕಿಟಕಿಗಳು ಕತ್ತಲಾದವು. ಯಾರೂ ಕತ್ತರಿಸದ ಹುಲ್ಲು ಮೊಣಕಾಲೆತ್ತರ ಬೆಳೆದು ಗಾಳಿಗೆ ತೂಗುತ್ತಿತ್ತು, ಊರೆಲ್ಲ ನಿದ್ದೆಹೋದಂತೆ. ಪ್ಲಾಂಟಿನ ಒಂದು ಶಿಫ್ಟು ನಿಂತಿತು, ನಂತರ ಇನ್ನೊಂದು. ಒಂದು ಬುಧವಾರ ನನ್ನ ಗಂಡ ಊಟದ ಹೊತ್ತಿಗೇ ಮನೆಗೆ ಬಂದ. ಕೈಯಲ್ಲಿ ಒಂದು ರಟ್ಟಿನ ಪೆಟ್ಟಿಗೆ, ಅದರಲ್ಲಿ ಅವನ ಕಾಫಿ ಲೋಟ ಮತ್ತು ಮೇಜಿನ ಮೇಲಿಟ್ಟಿದ್ದ ಗಣಪತಿ. ಗಣಪತಿಯನ್ನು ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟು, ಶೂ ಬಿಚ್ಚದೆಯೇ ಸೋಫಾದ ಮೇಲೆ ಮಲಗಿದ.

ಮೊದಲು ದಿನವೂ ಅಪ್ಲೈ ಮಾಡುತ್ತಿದ್ದ. ಆಮೇಲೆ ವಾರಕ್ಕೊಮ್ಮೆ. ಆಮೇಲೆ ಕಂಪ್ಯೂಟರಿನ ಮುಂದೆ ಕೂತಿರುತ್ತಿದ್ದ, ಪರದೆ ತಾನಾಗಿಯೇ ಆರಿಹೋಗಿರುತ್ತಿತ್ತು. ನಾನು ಲ್ಯಾಬಿನಿಂದ ಬರುವುದು ತಡವಾದರೆ ಯಾಕೆ ಎಂದು ಕೇಳತೊಡಗಿದ. ಆಮೇಲೆ ಯಾರ ಜೊತೆ ಎಂದು ಕೇಳತೊಡಗಿದ. ಒಂದು ದಿನ ಠಾಣೆಯಿಂದ ಪರ್ಮಿಟ್ ತಂದು ಪಿಸ್ತೂಲು ಕೊಂಡ.

"ಇದ್ಯಾಕೆ?" ಎಂದೆ.

"ಸುತ್ತಲಿನ ಮನೆ ಖಾಲಿ ಬಿದ್ದಾವ. ಕಳ್ಳರು ಬಂದ್ರ?"

ಅದರಲ್ಲಿ ಸುಳ್ಳೇನಿರಲಿಲ್ಲ. ಆದರೆ ರೈಫಲಿನಂತೆ ಅದು ಕೋಟುಗಳ ಹಿಂದೆ ಇರಲಿಲ್ಲ. ಊಟದ ಮೇಜಿನ ಮೇಲೆ ಬಟ್ಟೆ ಹಾಸಿ, ಅದನ್ನು ಬಿಚ್ಚಿ, ಎಣ್ಣೆ ಹಾಕಿ ಒರೆಸಿ, ಮತ್ತೆ ಜೋಡಿಸುತ್ತಿದ್ದ. ಆ ಎಣ್ಣೆಗೆ ಸ್ವಲ್ಪ ಬಾಳೆಹಣ್ಣಿನಂಥ ವಾಸನೆ. ಅನ್ನದ ಹಬೆಯ ಜೊತೆಗೆ ಅದು ಬೆರೆತು ಮನೆಯೆಲ್ಲ ಹರಡುತ್ತಿತ್ತು. ನಮ್ಮಿಬ್ಬರ ನಡುವೆ ಮಾತು ಬೆಳೆದ ದಿನವೇ ಅದು ಮೇಜಿನ ಮೇಲೆ ಬರುತ್ತಿತ್ತು ಎನ್ನುವುದು ನನಗೆ ಹೊಳೆಯಲು ಬಹಳ ಕಾಲ ಹಿಡಿಯಿತು. ಹೊಳೆದ ಮೇಲೂ, ಬೆಳಿಗ್ಗೆ ಎದ್ದು ಕಾಫಿ ಕುಡಿಯುವಾಗ ಅದು ನಿಜವಲ್ಲ ಎನಿಸುತ್ತಿತ್ತು.

ಆ ಬೇಸಿಗೆಯಲ್ಲಿ ಅತ್ತೆ ಬಂದರು. ಟಿಕೇಟು ಕೆಲಸ ಹೋಗುವ ಮೊದಲೇ ಆಗಿತ್ತು. ಧಾರವಾಡದ ಶಾಲೆಯೊಂದರಲ್ಲಿ ಬಹಳ ವರ್ಷ ಹೊಲಿಗೆ ಟೀಚರ್ ಆಗಿದ್ದವರು. ಮಾವ ಹೋಗಿ ವರ್ಷಗಳಾಗಿದ್ದವು. ಎತ್ತರದ ಹೆಂಗಸು, ದೊಡ್ಡ ದನಿ, ನಡೆದರೆ ನೆಲ ಗೊತ್ತಾಗುವಂಥ ನಡಿಗೆ. ಬಂದ ಮಾರನೆಯ ದಿನವೇ ನನ್ನ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಸ್ಥಾನ ಬದಲಿಸಿದರು. ನನಗೂ ಅವರಿಗೂ ಅಲ್ಲಿಯವರೆಗೆ ಫೋನಿನ ಪರಿಚಯ ಮಾತ್ರ. ಮಗ ಸೊರಗಿದ್ದಾನೆಂದರೆ ಸೊಸೆ ನೋಡಿಕೊಂಡಿಲ್ಲ ಎಂದುಕೊಳ್ಳುತ್ತಾರೆ ಅಂತಲೇ ನಾನು ಎದೆ ಗಟ್ಟಿ ಮಾಡಿಕೊಂಡಿದ್ದೆ.

ಅವರೇನೂ ಅನ್ನಲಿಲ್ಲ. ನೋಡುತ್ತಿದ್ದರು.

ಆ ದಿನ ಶನಿವಾರ. ಲ್ಯಾಬಿನಲ್ಲಿ ಯಾರೋ ರಜೆ ಹಾಕಿದ್ದರು, ನನ್ನನ್ನು ಬರಹೇಳಿದ್ದರು. ಹೊರಡಲು ಕಾರಿನ ಕೀ ತೆಗೆದುಕೊಂಡೆ. ನನ್ನ ಗಂಡ ಅದನ್ನು ಕೈಯಿಂದ ಕಿತ್ತುಕೊಂಡ. ನಾನು ವಾಪಸು ಕೇಳಿದೆ. ಅವನು ತಳ್ಳಿದ. ಬೆನ್ನು ಪ್ಯಾಂಟ್ರಿಯ ಬಾಗಿಲಿಗೆ ಬಡಿದು, ಒಳಗೆ ಒಂದು ಡಬ್ಬಿ ಉರುಳಿ, ಸಾಸಿವೆ ಚೆಲ್ಲುವ ಸದ್ದು ಬಹಳ ಹೊತ್ತು ಕೇಳಿಸಿತು. ಅವನು ಹೋಗಿ ಪಿಸ್ತೂಲು ತಂದ, ಊಟದ ಮೇಜಿನ ಮೇಲಿಟ್ಟ, ಅದರ ಮುಂದೆ ಕೂತ.

"ನೀ ಹೊರಗ ಹೋಗು. ಹೋಗಿ ನೋಡು," ಎಂದ. ದನಿ ಏರಿರಲಿಲ್ಲ. "ಈ ಮನ್ಯಾಗ ಆಮ್ಯಾಲ ಯಾರೂ ಉಳಿಯಂಗಿಲ್ಲ."

ಅತ್ತೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ಬಡಿಯುವ ಸದ್ದು ನಿಂತಿತು. ಆ ಗಳಿಗೆ ನನ್ನ ನೆನಪಿನಲ್ಲಿ ಗಾಜಿನೊಳಗೆ ಹಾಕಿಟ್ಟ ಹಾಗಿದೆ. ಬಿಸಿಲು, ಮೇಜು, ಹಿಟ್ಟಿನ ಧೂಳು ಗಾಳಿಯಲ್ಲಿ ತೇಲುತ್ತಿದ್ದದ್ದು. ಅವರು ಒಂದು ತಾಟಿನಲ್ಲಿ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಹಾಕಿಕೊಂಡು ಬಂದು ಮಗನ ಮುಂದಿಟ್ಟರು. ಪಿಸ್ತೂಲಿಗೂ ಅವನಿಗೂ ನಡುವೆ ಇಟ್ಟರು. ಪಕ್ಕದ ಕುರ್ಚಿ ಎಳೆದುಕೊಂಡು ತಾವೂ ಕೂತರು.

"ಮೊದಲ ಉಣ್ಣು," ಎಂದರು.

ಅವನು ಉಂಡ. ಕಣ್ಣಿನಿಂದ ನೀರು ಇಳಿಯುತ್ತಿತ್ತು, ಆದರೂ ಒಂದೊಂದೇ ತುತ್ತು ಮುರಿದು ಉಂಡ. ನಾನು ಪ್ಯಾಂಟ್ರಿಯ ಬಾಗಿಲಿಗೆ ಒರಗಿಕೊಂಡೇ ನಿಂತಿದ್ದೆ. ಉಂಡು ಕೈತೊಳೆದು ಪಿಸ್ತೂಲು ತೆಗೆದುಕೊಂಡು ಮಹಡಿಗೆ ಹೋಗಿ ಮಲಗಿದ. ಅತ್ತೆ ತಾಟು ತೊಳೆದಿಟ್ಟು, ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು, "ಬಾ, ತಿರುಗ್ಯಾಡಿ ಬರೂಣು," ಎಂದರು.

ನಾವಿಬ್ಬರೂ ಖಾಲಿ ಮನೆಗಳ ಮುಂದೆ ನಡೆದೆವು. ಯಾರದೋ ಹುಲ್ಲಿನಲ್ಲಿ ನೀರಿನ ಸ್ಪ್ರಿಂಕ್ಲರ್ ತನ್ನಷ್ಟಕ್ಕೆ ತಿರುಗುತ್ತಿತ್ತು.

"ಬೆನ್ನು ನೋಯ್ತದೇನು?"

"ಇಲ್ಲ ಅತ್ತೆ."

"ಸುಳ್ಳು ಹೇಳಬ್ಯಾಡ." ಸ್ವಲ್ಪ ದೂರ ನಡೆದ ಮೇಲೆ ಕೇಳಿದರು, "ಆ ಸಾಮಾನು ಮನ್ಯಾಗ ಇರಬಾರದು. ಈ ದೇಶದಾಗ ಅದನ್ನ ತಗೊಂಡು ಹೋಗವರು ಯಾರು?"

"ಪೊಲೀಸ್ ಅಂದ್ರೆ ಅವನ ಜೀವನಾನೇ ಹಾಳಾಗುತ್ತೆ ಅತ್ತೆ. ಇನ್ನೊಂದು ಕೆಲಸಾನೂ ಸಿಗಲ್ಲ."

ಅವರು ನಿಂತುಬಿಟ್ಟರು. "ಕೆಲಸ ಯಾರಿಗೆ ಸಿಗಬೇಕು? ಇದ್ದವರಿಗೆ ಸಿಗಬೇಕು. ನನಗ ನೀವಿಬ್ಬರೂ ಬೇಕು. ಜೀವಂತ ಬೇಕು. ಆಮ್ಯಾಲ ಕೂಡಿ ಇರ್ತೀರೋ ಬಿಡ್ತೀರೋ, ಅದು ನಿಮಗ ಬಿಟ್ಟದ್ದು."

ಅಲ್ಲಿಂದಲೇ ನಾನು ನಮ್ಮ ಕನ್ನಡ ಬಳಗದ ಒಬ್ಬ ಆಂಟಿಗೆ ಫೋನ್ ಮಾಡಿದೆ. ಅವರು ಮಕ್ಕಳ ಡಾಕ್ಟರು, ಬೆಂಗಳೂರಿನವರು, ಯುಗಾದಿ ಹಬ್ಬಕ್ಕೆ ಎಲ್ಲರನ್ನೂ ಸೇರಿಸುವವರು. ಅವರು ಕೇಳಿದ ಮೊದಲ ಪ್ರಶ್ನೆ, "ಮನೇಲಿ ಗನ್ ಇದೆಯಾ?" ನಾನು ಗನ್ನಿನ ಮಾತೇ ಎತ್ತಿರಲಿಲ್ಲ. ಇದೆ ಎಂದೆ. "ಸೋಮವಾರ ಕೋರ್ಟಿಗೆ ನಿನ್ ಜೊತೆ ನಾನೇ ಬರ್ತೀನಿ. ಅಲ್ಲೀವರ್ಗೂ ಅವನ ಜೊತೆ ವಾದ ಮಾಡ್ಬೇಡ. ಕೇಳಿಸ್ತಾ?"

ಸೋಮವಾರ ಲ್ಯಾಬಿಗೆಂದು ಹೊರಟವಳು ಆಂಟಿಯ ಜೊತೆ ಕೌಂಟಿ ಕೋರ್ಟಿಗೆ ಹೋದೆ. ಹೆಂಗಸರಿಗೆ ನೆರವಾಗಲು ಅಲ್ಲಿ ಒಬ್ಬ ಕಾರ್ಯಕರ್ತೆ ಇದ್ದಳು, ಬಿಳಿಗೂದಲಿನ ಕರಿಯ ಹೆಂಗಸು, ಮಾತು ಬಹಳ ಮೆಲ್ಲಗೆ. ನನ್ನ ಪಕ್ಕದಲ್ಲಿ ಕೂತು, ಏನು ನಡೆಯುತ್ತದೆ, ಏನು ನಡೆಯುವುದಿಲ್ಲ ಎಂದು ಬಿಡಿಸಿ ಹೇಳಿದಳು. ಗಂಡ ಹತ್ತಿರ ಬರಕೂಡದೆಂದು ಜಡ್ಜು ಆದೇಶ ಕೊಡಬಹುದು. ಆದರೆ ಬಂದೂಕು ಇಟ್ಟುಕೊಳ್ಳಕೂಡದು ಎನ್ನುವುದು ಈ ರಾಜ್ಯದಲ್ಲಿ ಆ ಆದೇಶದ ಜೊತೆಗೆ ತಾನಾಗಿ ಬರುವುದಿಲ್ಲ. ಅದನ್ನು ಬೇರೆಯಾಗಿ ಕೇಳಬೇಕು, ಜಡ್ಜು ಒಪ್ಪಿ ಬರೆಯಬೇಕು. ಬರೆದರೂ, ಮನೆಗೆ ಹೋಗಿ ಹುಡುಕಿ ತರಲೇಬೇಕೆಂದು ಯಾರಿಗೂ ಕಟ್ಟಪ್ಪಣೆ ಇರುವುದಿಲ್ಲ. ಆದೇಶ ಮುಟ್ಟಿಸಲು ಹೋದ ಪೊಲೀಸರು ಕೇಳುತ್ತಾರೆ. ಅವನು ಕೊಟ್ಟರೆ ತೆಗೆದುಕೊಂಡು ಜೋಪಾನವಾಗಿಡುತ್ತಾರೆ.

"ಕೊಡದಿದ್ದರೆ?" ಎಂದೆ.

ಅವಳು ನನ್ನ ಕೈ ಮೇಲೆ ಕೈಯಿಟ್ಟಳು. ಕೊಡದಿದ್ದರೆ ಅವನು ಆದೇಶ ಮುರಿದಂತೆ, ಅದು ಅಪರಾಧ, ಆದರೆ ಅದು ಆಮೇಲಿನ ಮಾತು ಎಂದಳು. ಅವಳು ಸುಳ್ಳು ಧೈರ್ಯ ಕೊಡಲಿಲ್ಲ. ಅದಕ್ಕೇ ಅವಳನ್ನು ನಂಬಿದೆ. ಬಂದೂಕಿನ ಮಾತನ್ನು ಕೇಳಿಕೊಂಡೆ. ಆ ಮಧ್ಯಾಹ್ನವೇ ಜಡ್ಜು ಸಹಿ ಮಾಡಿದರು.

ನಾನು ಆಂಟಿಯ ಮನೆಗೆ ಹೋದೆ. ಅತ್ತೆಯನ್ನೂ ಕರೆದುಕೊಂಡು ಬರಲು ಆಂಟಿ ಫೋನ್ ಮಾಡಿದರೆ, "ನಾ ಬರಂಗಿಲ್ಲ. ಅವ ಒಬ್ಬನ ಇದ್ದಾಗ ಪೊಲೀಸರು ಬಂದ್ರ ಏನ್ ಮಾಡ್ಕೋತಾನೋ. ನಾ ಇಲ್ಲೇ ಇರ್ತೀನಿ," ಎಂದು ಫೋನಿಟ್ಟರು.

ಮುಂದಿನದನ್ನು ನಾನು ಕಣ್ಣಾರೆ ನೋಡಲಿಲ್ಲ. ಅತ್ತೆ ಹೇಳಿದ್ದನ್ನು, ಆಮೇಲೆ ಅಲ್ಲಿಗೆ ಹೋಗಿದ್ದ ಪೊಲೀಸನೊಬ್ಬ ಹೇಳಿದ್ದನ್ನು ಕೂಡಿಸಿಕೊಂಡು ಎಷ್ಟು ಸಲ ಕನಸು ಕಂಡಿದ್ದೇನೆಂದರೆ, ಈಗ ನಾನೂ ಅಲ್ಲಿ ಮೆಟ್ಟಿಲ ಬಳಿ ನಿಂತಿದ್ದೆ ಎನಿಸುತ್ತದೆ. ಇಬ್ಬರು ಪೊಲೀಸರು ಬಾಗಿಲು ಬಡಿದರು. ಮಗ ಬಾಗಿಲು ತೆರೆದ. ಆದೇಶವನ್ನು ಓದಿ ಹೇಳಿದರು. ಬಂದೂಕು ಇದೆಯೇ ಎಂದು ಕೇಳಿದರು. ಇಂಗ್ಲಿಷಿನಲ್ಲಿ ಹತ್ತಾರು ಪದಗಳಷ್ಟೇ ಗೊತ್ತಿದ್ದ ಅತ್ತೆ, 'ಗನ್' ಎನ್ನುವ ಒಂದು ಮಾತು ಕೇಳಿ ಎದ್ದು ಬಂದರು. ಬೆರಳೆತ್ತಿ ಮಹಡಿಯ ಕಡೆ ತೋರಿಸಿದರು. "ಟೂ," ಎಂದರು. ಆಮೇಲೆ ಮಗನ ಭುಜ ಹಿಡಿದರು.

"ಕೊಡಪ್ಪ ಅವರಿಗೆ. ನನ್ನ ಮಾತು ಕೇಳು. ತಗೊಂಡು ಹೋಗ್ರಿ ಅನ್ನು."

ಅವನು ಬಹಳ ಹೊತ್ತು ತಾಯಿಯ ಮುಖ ನೋಡಿದನಂತೆ. ಪೊಲೀಸರು ಕಾದರಂತೆ. ಕೊನೆಗೆ, "ಕಪಾಟಿನಲ್ಲಿವೆ, ತೆಗೆದುಕೊಳ್ಳಿ," ಎಂದ ಇಂಗ್ಲಿಷಿನಲ್ಲಿ. ಒಬ್ಬ ಪೊಲೀಸ್ ಅವನ ಜೊತೆ ಕೆಳಗೇ ನಿಂತ. ಇನ್ನೊಬ್ಬ ಅತ್ತೆಯ ಹಿಂದೆ ಮೆಟ್ಟಿಲು ಹತ್ತಿದ. ಅತ್ತೆ ಕಪಾಟು ತೆರೆದು, ಕೋಟುಗಳನ್ನು ಎರಡೂ ಕೈಯಿಂದ ಪಕ್ಕಕ್ಕೆ ಸರಿಸಿ ಹಿಡಿದು ನಿಂತರು, ಮದುವೆಮನೆಯಲ್ಲಿ ಪರದೆ ಹಿಡಿದು ನಿಲ್ಲುವ ಹಾಗೆ. ಪೊಲೀಸ್ ರೈಫಲನ್ನೂ ಪಿಸ್ತೂಲನ್ನೂ ಖಾಲಿ ಮಾಡಿ ತೆಗೆದುಕೊಂಡು ಹೋದ. ಹೋಗುವಾಗ ಅತ್ತೆಗೆ, "ಥ್ಯಾಂಕ್ ಯೂ, ಮ್ಯಾಮ್," ಎಂದನಂತೆ. ಅದನ್ನು ಮಾತ್ರ ಅತ್ತೆ ಸ್ವಲ್ಪ ಹೆಮ್ಮೆಯಿಂದ ಹೇಳುತ್ತಿದ್ದರು.

ಆದೇಶದ ಪ್ರಕಾರ ನನ್ನ ಗಂಡ ಮನೆ ಬಿಟ್ಟು ಹಳೆಯ ಸಹೋದ್ಯೋಗಿಯೊಬ್ಬರ ಬೇಸ್‌ಮೆಂಟಿನಲ್ಲಿ ಉಳಿದುಕೊಂಡ. ಕೆಲವೇ ದಿನಗಳಲ್ಲಿ ಕೋರ್ಟಿಗೆ ಅರ್ಜಿ ಹಾಕಿದ. ಹೆಂಡತಿಯಿಂದ ದೂರ ಇರು ಎಂದರೆ ಇರುತ್ತೇನೆ, ಬಂದೂಕಿನ ಮಾತನ್ನು ಮಾತ್ರ ತೆಗೆಯಿರಿ ಎಂದು. ಹಾಗಾಗಿ ವಿಚಾರಣೆ ನಡೆಯಿತು.

ಕೋರ್ಟಿನ ಕೋಣೆ ನಾನು ಅಂದುಕೊಂಡಿದ್ದಕ್ಕಿಂತ ಚಿಕ್ಕದು. ಎತ್ತರದ ಕಿಟಕಿಯಿಂದ ಬೆಳಕು ಹಾಲಿನಂತೆ ಇಳಿಯುತ್ತಿತ್ತು. ಅವನು ಇಸ್ತ್ರಿ ಮಾಡಿದ ನೀಲಿ ಅಂಗಿ ಹಾಕಿಕೊಂಡಿದ್ದ. ಅಂಗಿಯನ್ನು ಅವನೇ ಇಸ್ತ್ರಿ ಮಾಡಿಕೊಂಡಿದ್ದಾನೆ ಎಂದು ತೋಳಿನ ಗೆರೆ ನೋಡಿ ಗೊತ್ತಾಯಿತು. ತಾನು ಎಂಜಿನಿಯರ್, ಒಂದು ಜಿಂಕೆಯನ್ನೂ ಹೊಡೆದವನಲ್ಲ, ಕಾನೂನು ಪ್ರಕಾರ ಕೊಂಡ ವಸ್ತುಗಳು ಅವು ಎಂದ. ಪ್ರತಿಯೊಂದು ಮಾತೂ ನಿಜ. ನಾನು ಪ್ಯಾಂಟ್ರಿಯ ಬಾಗಿಲಿನದು, ಊಟದ ಮೇಜಿನದು ಹೇಳಿದೆ. ಹೇಳುವಾಗ ಬೇರೆ ಯಾರದೋ ಕತೆ ಹೇಳುತ್ತಿದ್ದೇನೆ ಎನಿಸಿತು.

ಜಡ್ಜು ಕನ್ನಡಕದ ಹೆಂಗಸು. ಹಿಂದಿನ ಬೆಂಚಿನಲ್ಲಿ ಸೀರೆಯುಟ್ಟು ಕೂತಿದ್ದವರು ಯಾರು ಎಂದು ಕೇಳಿದರು. ಅತ್ತೆ ಎದ್ದು ನಿಂತರು. ಕನ್ನಡದ ದುಭಾಷಿ ಕೋರ್ಟಿನಲ್ಲಿ ಯಾರೂ ಇರಲಿಲ್ಲ. ಜಡ್ಜು ನಮ್ಮ ಜೊತೆ ಬಂದಿದ್ದ ಆಂಟಿಯಿಂದಲೇ ಪ್ರಮಾಣ ಮಾಡಿಸಿ, ಹೇಳಿದ್ದನ್ನು ಹೇಳಿದ ಹಾಗೆಯೇ ತಿರುಗಿಸಿ ಹೇಳಬೇಕೆಂದರು.

ಮಗನನ್ನು ಕಂಡರೆ ಭಯವಿದೆಯೇ ಎಂದು ಕೇಳಿದರು.

"ಮಗನ ಅಂಜಿಕಿ ನನಗಿಲ್ಲ," ಎಂದರು ಅತ್ತೆ, ತರಗತಿಯಲ್ಲಿ ಪಾಠ ಹೇಳುವ ದನಿಯಲ್ಲಿ. "ಅವ ಚಲೋ ಹುಡುಗ. ಕೆಲಸ ಹೋಗಿ ತಲಿ ಕೆಟ್ಟೈತಿ. ತಲಿ ಕೆಟ್ಟವರು ಅಳತಾರ, ಬೈತಾರ, ಭಾಂಡೆ ಎತ್ತಿ ಒಗೀತಾರ. ಮುಂಜಾನೆ ಆದ್ರ ಸುಮ್ನ ಆಗ್ತಾರ. ಆದ್ರ ಆ ಸಾಮಾನು ಕೈಯಾಗಿದ್ರ ಮುಂಜಾನೆ ಆಗೂದು ಎಲ್ಲಿ? ಮೊದಲ ಇಕಿನ್ನ ಹೊಡೀತಾನ. ಆಮ್ಯಾಲ ತನ್ನ ತಾನ ಹೊಡಕೋತಾನ. ನಾ ಅವನ ತಾಯಿ. ಅವನ್ನ ಉಳಿಸಿ ಕೊಡ್ರಿ ಅಂತ ಕೇಳಾಕತ್ತೀನಿ."

ಆಂಟಿ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಾ ನಡುವೆ ಒಮ್ಮೆ ನಿಂತರು. ಜಡ್ಜು ಅವಸರ ಮಾಡಲಿಲ್ಲ. ನಾನು ನನ್ನ ಗಂಡನ ಕಡೆ ನೋಡಿದೆ. ಅವನು ಅನುವಾದಕ್ಕೆ ಕಾಯಬೇಕಿರಲಿಲ್ಲ. ಎರಡೂ ಕೈ ಮೇಜಿನ ಮೇಲಿಟ್ಟು, ಅವು ತನ್ನವೇ ಹೌದೋ ಅಲ್ಲವೋ ಎನ್ನುವಂತೆ ನೋಡಿಕೊಳ್ಳುತ್ತಿದ್ದ.

ಜಡ್ಜು ಆದೇಶದ ಒಂದಕ್ಷರವನ್ನೂ ತೆಗೆಯಲಿಲ್ಲ. ಒಂದು ವರ್ಷ ಬಂದೂಕು ಅವನ ಬಳಿ ಇರಕೂಡದು, ಕೊಳ್ಳಲೂ ಕೂಡದು. ಹೊರಗೆ ಬಂದಾಗ ಅತ್ತೆ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಷ್ಟು ದೊಡ್ಡ ದನಿಯ ಹೆಂಗಸು ಬಾಯಿಗೆ ಸೆರಗು ಹಿಡಿದು ಸದ್ದಿಲ್ಲದೆ ಅತ್ತರು. ನಾನು ಪಕ್ಕದಲ್ಲಿ ಕೂತೆ. ಅವರ ತೋಳು ಹಿಡಿದುಕೊಳ್ಳುವುದೋ ಬೇಡವೋ ಗೊತ್ತಾಗಲಿಲ್ಲ. ಅವರೇ ನನ್ನ ಕೈ ಎಳೆದುಕೊಂಡು ತೊಡೆಯ ಮೇಲಿಟ್ಟುಕೊಂಡರು.

ಎಲೆ ಉದುರುವ ಹೊತ್ತಿಗೆ ನಾನು ಇಲಿನಾಯ್ ರಾಜ್ಯದ ವುಡ್‌ರಿಡ್ಜ್‌ಗೆ ಹೊರಟೆ. ನನ್ನ ಚಿಕ್ಕಮ್ಮನ ಮಗಳು, ಅಕ್ಕ, ಅಲ್ಲಿದ್ದಳು. ಆ ಡ್ರೈವ್ ನನ್ನ ಬದುಕಿನ ಅತ್ಯಂತ ಉದ್ದವಾದ ನಿದ್ದೆಯ ಹಾಗೆ ನೆನಪಿದೆ. ಹೆದ್ದಾರಿಯ ಎರಡೂ ಕಡೆ ಕೆಂಪು, ಹಳದಿ, ಕಂದು. ದ್ರಾಕ್ಷಿ ತೋಟಗಳ ಹತ್ತಿರ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮುಂದಿನ ಕಾರಿನ ಕೆಂಪು ದೀಪಗಳು ಮಾತ್ರ ತೇಲುತ್ತಿದ್ದವು. ರೇಡಿಯೋದಲ್ಲಿ ಒಂದು ಊರಿನ ದನಿ ಮಸುಕಾಗಿ ಇನ್ನೊಂದು ಊರಿನ ದನಿ ಬರುತ್ತಿತ್ತು. ರಾಜ್ಯದ ಗಡಿ ದಾಟಿದ್ದು ನನಗೆ ತಿಳಿಯಲೇ ಇಲ್ಲ. ಆಮೇಲೆ ಒಂದು ಎಕ್ಸಿಟ್ ಬಳಿ ಕಾಫಿ ಕುಡಿಯುವಾಗ ಗೊತ್ತಾಯಿತು, ಈ ಕಡೆಯ ಗಡಿಯಾರ ಅಲ್ಲಿಯದಕ್ಕಿಂತ ಒಂದು ಗಂಟೆ ಹಿಂದಿದೆ ಎಂದು. ಯಾರೋ ಆ ಒಂದು ಗಂಟೆಯನ್ನು ನನಗೆ ಸುಮ್ಮನೆ ಕೊಟ್ಟಂತೆ ಖುಷಿಯಾಯಿತು.

ಅಕ್ಕನ ಮಗಳು ನನ್ನ ಸೂಟ್‌ಕೇಸ್ ನೋಡಿ, "ಆರ್ ಯೂ ಸ್ಟೇಯಿಂಗ್ ಫಾರೆವರ್?" ಎಂದಳು. ಅಕ್ಕ ಗದರಿದಳು. ನಾನು, "ಗೊತ್ತಿಲ್ಲ ಪುಟ್ಟಾ," ಎಂದೆ. ಆ ಮಗುವಿಗೆ ಅದು ಸರಿಯಾದ ಉತ್ತರವೇ ಅನ್ನಿಸಿತು.

ಸ್ಟರ್ಲಿಂಗ್ ಹೈಟ್ಸ್‌ನ ಕಾರ್ಯಕರ್ತೆ ಹೇಳಿದ್ದಳು, ಆದೇಶ ಎಲ್ಲಾ ರಾಜ್ಯಗಳಲ್ಲೂ ನಡೆಯುತ್ತದೆ, ಆದರೂ ಹೊಸ ಊರಿನ ಕೋರ್ಟಿನಲ್ಲಿ ಒಂದು ನಕಲು ಕೊಟ್ಟಿರು ಎಂದು. ಕೊಡಲು ಹೋದಾಗ ಕೌಂಟರಿನಲ್ಲಿದ್ದ ಹೆಂಗಸು ಇಲ್ಲಿಯ ಕ್ರಮ ಹೇಳಿದಳು. ಇಲಿನಾಯ್‌ನಲ್ಲಿ ಬಂದೂಕು ಇಟ್ಟುಕೊಳ್ಳಬೇಕಾದರೆ ರಾಜ್ಯ ಕೊಡುವ ಒಂದು ಕಾರ್ಡು ಬೇಕು. ಇಂಥ ಆದೇಶ ಬಿದ್ದವರ ಕಾರ್ಡನ್ನು ವಾಪಸು ತೆಗೆದುಕೊಳ್ಳುತ್ತಾರೆ. ಒಂದೇ ದೇಶ, ಒಂದೇ ಹೆದ್ದಾರಿ. ಮಿಶಿಗನ್‌ನಲ್ಲಿ ನಾನು ಬೇರೆಯಾಗಿ ಕೇಳಿಕೊಳ್ಳಬೇಕಾಗಿದ್ದು ಇಲ್ಲಿ ಆದೇಶದ ಜೊತೆಗೇ ಬರುತ್ತದೆ. ಆಂಟಿಯ ಮೊದಲ ಪ್ರಶ್ನೆ ಬೇರೆಯಾಗಿದ್ದರೆ ನಾನು ಬಂದೂಕಿನ ಮಾತು ಎತ್ತುತ್ತಲೇ ಇರಲಿಲ್ಲವೇನೋ. ಕೌಂಟರಿನ ಮುಂದೆ ಅದನ್ನು ಯೋಚಿಸುತ್ತಾ ನಿಂತವಳನ್ನು ಹಿಂದಿನವರು ಮೆಲ್ಲಗೆ ಮುಂದೆ ಸರಿಸಿದರು.

ಇಲ್ಲಿಯ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಒಂದು ಅಪಾರ್ಟ್‌ಮೆಂಟ್ ಹಿಡಿದೆ. ಡೈವೋರ್ಸ್ ಹೆಚ್ಚು ಜಗಳವಿಲ್ಲದೆ ಮುಗಿಯಿತು. ಅತ್ತೆ ಧಾರವಾಡಕ್ಕೆ ವಾಪಸು ಹೋಗಿದ್ದರು. ಭಾನುವಾರ ಬೆಳಿಗ್ಗೆ ಫೋನ್ ಮಾಡುತ್ತಿದ್ದರು. ಮಗನ ಸುದ್ದಿ ಕೇಳಿದರೆ ಹೇಳುತ್ತಿದ್ದರು, ಕೇಳದಿದ್ದರೆ ಹೇಳುತ್ತಿರಲಿಲ್ಲ. ಅವನು ಒಬ್ಬ ಕೌನ್ಸೆಲರ್ ಬಳಿ ಹೋಗುತ್ತಿದ್ದಾನೆ ಎನ್ನುವುದು ಹಾಗೆ ತಿಳಿಯಿತು.

ವರ್ಷ ಮುಗಿಯುವ ದಿನ ಹತ್ತಿರ ಬಂದಂತೆ ನನ್ನ ನಿದ್ದೆ ಹಾಳಾಯಿತು. ಆದೇಶದ ಗಡುವು ಮುಗಿದರೆ, ಪೊಲೀಸರು ಜೋಪಾನವಾಗಿಟ್ಟದ್ದನ್ನು ಅವನು ಹೋಗಿ ಕೇಳಬಹುದು, ಅವರು ಕೊಡಬಹುದು. ಹಗಲು ಲ್ಯಾಬಿನಲ್ಲಿ ಸೂಕ್ಷ್ಮದರ್ಶಕದ ಮೇಲೆ ಬಾಗಿದಾಗಲೂ, ಬೆಳಗುವ ಆ ಪುಟ್ಟ ವೃತ್ತದಲ್ಲಿ ಕಪಾಟಿನ ಬಾಗಿಲು ಕಾಣಿಸುತ್ತಿತ್ತು. ಆದೇಶವನ್ನು ಮುಂದುವರಿಸಿ ಎಂದು ಕೇಳಲು ತೀರ್ಮಾನಿಸಿ, ರಜೆ ಹಾಕಿ, ಮತ್ತೆ ಆಂಟಿಯ ಮನೆಗೆ ಹೋದೆ.

ಆಂಟಿ ಟೀ ಕೊಟ್ಟು ಎದುರಿಗೆ ಕೂತರು. "ಹೋದ ವಾರ ಅವನು ಬಂದಿದ್ದ."

ನಾನು ತಟ್ಟನೆ ಬಾಗಿಲ ಕಡೆ ನೋಡಿದೆ.

"ಹೆದರ್ಬೇಡ. ಬಾಗಿಲ ಹೊರಗೇ ನಿಂತು ಮಾತಾಡ್ದ. ಠಾಣೆಗೆ ಹೋಗಿದ್ನಂತೆ. ಎರಡನ್ನೂ ವಾಪಸ್ ತಗೊಳಲ್ಲ, ನಾಶ ಮಾಡಿಬಿಡಿ ಅಂತ ಬರ್ಕೊಟ್ಟು ಬಂದ್ನಂತೆ. ನಾನು ಠಾಣೇಲಿ ವಿಚಾರಿಸಿದೀನಿ, ನಿಜಾನೇ. ಅವಳಿಗೆ ಹೇಳಿ ಅಂದ. ಹಾಗೆ ಕೇಳೋಕೂ ಅವನಿಗೆ ನಾಚಿಕೆ."

"ಇನ್ನೇನಾದ್ರೂ ಅಂದ್ನಾ?"

"ಆ ದಿನ ಊಟ ಮಾಡ್ದೇ ಇದ್ದಿದ್ರೆ ಏನಾಗ್ತಿತ್ತೋ ನಂಗೊತ್ತಿಲ್ಲ ಆಂಟಿ, ಅಂದ. ಅಷ್ಟೇ."

ನಾನು ಗಾಜಿನಾಚೆ ಅವರ ಹಿತ್ತಿಲನ್ನು ನೋಡುತ್ತಾ ಕೂತೆ. ಒಂದು ಕೆಂಪು ಹಕ್ಕಿ ಬಂದು ಬೇಲಿಯ ಮೇಲೆ ಕೂತು, ಹಾರಿಹೋಯಿತು. ಕೋಪ, ಸಮಾಧಾನ, ಅವನ ಮೇಲೆ ಉಳಿದಿದ್ದ ಯಾವುದೋ ಹಳೆಯ ಮಮತೆ, ಎಲ್ಲ ಒಟ್ಟಿಗೆ ಬಂದು ಯಾವುದಕ್ಕೂ ಹೆಸರಿಡಲಾಗಲಿಲ್ಲ. ಆದರೂ ಮಾರನೆಯ ದಿನ ಕೋರ್ಟಿಗೆ ಹೋದೆ. ಮುಂದುವರಿಸಿ ಎಂದು ಕೇಳಿದೆ. ಅವನು ವಿರೋಧಿಸಲಿಲ್ಲ. ಅವನ ಮಾತನ್ನು ನಂಬಿದೆ, ಆದೇಶವನ್ನೂ ಬಿಡಲಿಲ್ಲ. ಹೊಸದೊಂದು ಪಿಸ್ತೂಲು ಕೊಳ್ಳುವುದು ಆ ಊರಿನಲ್ಲಿ ಎಷ್ಟು ಸುಲಭ ಎಂದು ನಾನು ನೋಡಿದ್ದವಳು.

ಅವನಿಗೆ ದಕ್ಷಿಣದ ಯಾವುದೋ ರಾಜ್ಯದಲ್ಲಿ ಕೆಲಸ ಸಿಕ್ಕಿತು. ಹೊರಟುಹೋದ. ನಾವು ಮತ್ತೆ ಭೇಟಿಯಾಗಿಲ್ಲ. ಆಮೇಲಿನ ವರ್ಷಗಳಲ್ಲಿ ಎರಡೂ ರಾಜ್ಯಗಳು ಕಾನೂನನ್ನು ಬಿಗಿ ಮಾಡಿದವೆಂದು ಓದಿದಾಗೆಲ್ಲ ಆ ಬಿಳಿಗೂದಲಿನ ಕಾರ್ಯಕರ್ತೆ ನೆನಪಾಗಿದ್ದಾಳೆ.

ಎರಡು ಬೇಸಿಗೆಗಳ ನಂತರ ಅತ್ತೆ ಮತ್ತೆ ಅಮೆರಿಕಕ್ಕೆ ಬಂದರು. ಮಗನ ಮನೆಗೆ ಹೋಗುವ ಮೊದಲು ನನ್ನಲ್ಲಿ ಇಳಿದರು. ಕಾನೂನಿನ ಪ್ರಕಾರ ಅವರು ಈಗ ನನಗೆ ಏನೂ ಆಗಬೇಕಿಲ್ಲ. ಏರ್‌ಪೋರ್ಟಿನಲ್ಲಿ ಏನೆಂದು ಕರೆಯಲಿ ಎಂದು ಒಂದು ಗಳಿಗೆ ತಡವರಿಸಿದೆ.

"ಯಾಕ, ಅತ್ತಿ ಅನ್ನಾಕ ಬಾಯಿ ಬರವಲ್ದೇನು?" ಎಂದು ಜನರ ನಡುವೆಯೇ ದೊಡ್ಡ ದನಿ ತೆಗೆದರು.

ಭಾನುವಾರ ನಮ್ಮ ದೇಶದವರ ಅಂಗಡಿಗಳೇ ಸಾಲಾಗಿರುವ ಡೆವನ್ ಅವೆನ್ಯೂಗೆ ಕರೆದುಕೊಂಡು ಹೋದೆ. ಪಾರ್ಕಿಂಗ್ ಹುಡುಕಿ ಹುಡುಕಿ ಸುಸ್ತಾಯಿತು. ಸೀರೆ ಅಂಗಡಿಯಲ್ಲಿ ಹತ್ತಾರು ಸೀರೆ ಬಿಚ್ಚಿಸಿ, ಅಂಚಿನ ಹೊಲಿಗೆಯನ್ನು ಉಗುರಿನಿಂದ ಪರೀಕ್ಷಿಸಿ, ಒಂದನ್ನೂ ಕೊಳ್ಳದೆ ಎದ್ದರು. ಅಲ್ಲಿಂದ ಸರೋವರದ ದಂಡೆಗೆ ಹೋದೆವು. ನೀರು ಅಂದು ಬೆಳ್ಳಗೆ, ಆಕಾಶವೂ ಬೆಳ್ಳಗೆ, ನಡುವಿನ ಗೆರೆ ಅಳಿಸಿಹೋಗಿತ್ತು. ದೂರದಲ್ಲೊಂದು ದೋಣಿ ಗಾಳಿಯಲ್ಲೇ ನಿಂತ ಹಾಗಿತ್ತು. ಅತ್ತೆ ಚಪ್ಪಲಿ ಬಿಟ್ಟು, ಸೀರೆ ಎತ್ತಿ ಹಿಡಿದು, ಪಾದ ಮುಳುಗುವಷ್ಟು ನೀರಿಗಿಳಿದರು.

"ಆ ದಂಡಿ ಕಾಣಂಗಿಲ್ಲಲ್ಲ. ಅತ್ಲಾಗ ಏನೈತಿ?"

"ಮಿಶಿಗನ್, ಅತ್ತೆ."

ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ಆ ಕಡೆ ನೋಡಿದರು. ಅಲೆಗಳು ಅವರ ಪಾದದ ಮೇಲೆ ಬಂದು ಹೋದವು.

"ನೀರು ಎಷ್ಟು ತಣ್ಣಗೈತವಾ," ಎಂದರು. "ನೀನೂ ಇಳಿ."

ನಾನು ಶೂ ಬಿಚ್ಚತೊಡಗಿದೆ.